ಬೆಕ್ಕು ಒಪ್ಪಿದ ಮನೆ

ಇದು ಎಲ್ಲರ ಮನೆಯ ಬೆಕ್ಕಿಗೂ ಆಗುವ ಬೋಳೇ ಇರಬೇಕು. ಇಷ್ಟು ಹೊತ್ತಿಗೆ ಕೂದಲು ಬರಬೇಕಿತ್ತು, ಬಂದಿಲ್ಲ. ಬಂದಿಲ್ಲ ಅಂದ ಮಾತ್ರಕ್ಕೆ ಬರುವುದೇ ಇಲ್ಲ ಎಂದು ಹೇಗೆ ಹೇಳುವುದು. ಈ ಮನೆಗೆ ಬಂದು ನಲವತ್ತು ದಿನ, ಅದು ಅಷ್ಟೇನೂ ಹೆಚ್ಚಲ್ಲ, ಅಥವಾ ಹೆಚ್ಚೇ ಆಯಿತೋ. ಹೀಗೆ ಒಂದನ್ನು ಇನ್ನೊಂದರಿಂದ ಅಳಿಸುತ್ತ ನಾನು ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದೆ. ಎದುರಿಗೆ ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ಈ ಮನೆಯ ಬೆಕ್ಕು ಬೂದಿ ಒಂದು ಹಿಂಗಾಲನ್ನು ಮೇಲಕ್ಕೆ ಚಾಚಿಕೊಂಡು ಹೊಟ್ಟೆ ನೆಕ್ಕುತ್ತಿತ್ತು. ಮರಕ್ಕೆ ಉಪ್ಪುಕಾಗದ ಉಜ್ಜಿದಂಥ ಸದ್ದು. ನಾನು ಸ್ವಲ್ಪ ಅಲುಗಾಡಿದರೂ ನಿಲ್ಲಿಸುತ್ತಿತ್ತು, ನನ್ನ ಕಡೆ ನೋಡುತ್ತಿತ್ತು, ನಾನು ಬೇರೆ ಕಡೆ ನೋಡಿದ ಕೂಡಲೇ ಮತ್ತೆ ಶುರು. ಎದೆಯ ಕೆಳಗಿನಿಂದ ತೊಡೆಯ ಸಂದಿಯವರೆಗೆ ಒಂದು ಎಳೆ ಕೂದಲಿರಲಿಲ್ಲ. ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ ಗುಲಾಬಿ ಬಣ್ಣ, ಅದರ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ.

ನಮ್ಮೂರಲ್ಲಿ ಯುಗಾದಿಯಾದ ಮೂರನೆಯ ದಿನ ಎಲ್ಲರೂ ಒಂದೊಂದು ಮನೆ ಮುಂದಕ್ಕೆ ಹೋಗುತ್ತೇವೆ. ಪಾತ್ರೆ, ಹಾಸಿಗೆ, ಟ್ರಂಕು, ದೇವರ ಪಟ ಹೊತ್ತುಕೊಂಡು ಪೂರ್ವಕ್ಕಿರುವ ಪಕ್ಕದ ಮನೆಗೆ. ಸೇತುವೆಯ ಹತ್ತಿರದ ಕೊನೆಯ ಮನೆಯವರು ಬೀದಿಯುದ್ದಕ್ಕೂ ನಡೆದು ಮೊದಲನೆಯ ಮನೆಗೆ ಬರುತ್ತಾರೆ. ಒಲೆ, ಒರಳುಕಲ್ಲು, ಬಾಗಿಲ ಚಿಲಕ ಇದ್ದಲ್ಲೇ ಇರುತ್ತವೆ. ಬೆಕ್ಕೂ ಇದ್ದಲ್ಲೇ ಇರುತ್ತದೆ. ನಾನು ಹುಟ್ಟಿದ ಮನೆ ಈಗ ಇಪ್ಪತ್ತಾರು ಮನೆ ಹಿಂದೆ ಇದೆ, ಅದರ ಬಚ್ಚಲಿನ ಕಲ್ಲಿನ ಮೇಲೆ ನನ್ನ ಹಲ್ಲು ಮುರಿದಿತ್ತು ಎಂದು ಅಮ್ಮ ಹೇಳುವುದನ್ನು ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ಎಂ.ಎ. ಓದಲು ಎರಡು ವರ್ಷ ಹೊರಗಿದ್ದಾಗ ಒಂದೇ ಮನೆಯಲ್ಲಿ ಮೂವತ್ತು ವರ್ಷದಿಂದ ಇರುವವರನ್ನು ನೋಡಿದೆ. ಅವರು ಏನೋ ಕಾಯಿಲೆಯವರಂತೆ ನನಗೆ ಕಂಡಿದ್ದರು.

ಹೊಸಬರು ಬಂದ ಮೇಲೆ ಪ್ರತಿ ಮನೆಯ ಬೆಕ್ಕೂ ಮೈ ನೆಕ್ಕಿ ನೆಕ್ಕಿ ಹೊಟ್ಟೆ ಬೋಳು ಮಾಡಿಕೊಳ್ಳುತ್ತದೆ. ಅದಕ್ಕೆ ಹೊಸ ಬೋಳು ಎನ್ನುತ್ತೇವೆ. ಬೆಕ್ಕು ಹಳಬರನ್ನು ನೆಕ್ಕಿ ಕಳೆಯುತ್ತಿದೆ ಎಂದು ಹೆಂಗಸರು ಸಂತೋಷಪಡುತ್ತಾರೆ. ತಿಂಗಳೊಳಗೆ ಕೂದಲು ಬರುತ್ತದೆ. ಬಂದರೆ ಬೆಕ್ಕು ಹೊಸಬರನ್ನು ಒಪ್ಪಿತು ಎಂದು ಅರ್ಥ. ನೂರನೆಯ ದಿನ ಊರಿನ ಮೂವರು ಹಿರಿಯರು ಮನೆಮನೆಗೆ ಬಂದು ಜಗಲಿಯ ಮೇಲೆ ಬಿಳಿ ಪಂಚೆ ಹಾಸಿ, ಬೆಕ್ಕನ್ನು ಮಲಗಿಸಿ, ಹೊಟ್ಟೆಯ ಮೇಲೆ ಅಂಗೈ ಆಡಿಸುತ್ತಾರೆ. ಕೈಗೆ ಕೂದಲು ತಾಕಿದರೆ ಒಪ್ಪಿದೆ. ಬರೀ ಚರ್ಮ ತಾಕಿದರೆ ಒಪ್ಪಿಲ್ಲ. ಒಪ್ಪದ ಮನೆಯವರು ಅದೇ ದಿನ ಸೇತುವೆ ದಾಟಿ ಹೋಗಬೇಕು. ಮತ್ತೆ ಅವರ ಹೆಸರು ಹೇಳುವ ಹಾಗಿಲ್ಲ. ಹಾಗೆ ಹೋದವರು ಹೆಚ್ಚಿಲ್ಲ, ನನ್ನ ನೆನಪಿನಲ್ಲಿ ಮೂರು ಮನೆ.

ಹಳಬರ ವಾಸನೆ ಇದ್ದರೆ ಬೆಕ್ಕಿಗೆ ಗಲಿಬಿಲಿಯಾಗುತ್ತದೆ ಅಂತ, ಹೊಸ ಮನೆಗೆ ಹೋದ ದಿನ ಮೊಣಕಾಲೆತ್ತರದವರೆಗೆ ಎಲ್ಲ ಗೋಡೆ, ಎಲ್ಲ ಬಾಗಿಲಪಟ್ಟಿ, ಎಲ್ಲ ಕಂಬ ತೊಳೆಯಬೇಕು. ತೊಳೆಯುವ ನೀರನ್ನು ಕಾಯಿಸುವುದು ನನ್ನಮ್ಮ. ಹೇರಳೆಕಾಯಿಯ ಸಿಪ್ಪೆ, ಅಂಟುವಾಳ, ಸ್ವಲ್ಪ ಸುಣ್ಣದ ತಿಳಿ, ಇವನ್ನು ಹಿತ್ತಲ ಹಂಡೆಯಲ್ಲಿ ಅರ್ಧ ದಿನ ಕುದಿಸುತ್ತಾಳೆ. ಅದು ಅವಳ ಅತ್ತೆಯಿಂದ ಬಂದ ಕೆಲಸ. ಅಪ್ಪ ತೀರಿಕೊಂಡ ಮೇಲೆ ಊರಿನಲ್ಲಿ ಅವಳಿಗೆ ಇದ್ದದ್ದೂ ಅದೊಂದೇ. ಯಾರದಾದರೂ ಮನೆಯ ಬೆಕ್ಕಿನ ಬೋಳು ತಿಂಗಳಾದರೂ ಹೋಗದಿದ್ದರೆ ಅವರು ಬಿಂದಿಗೆ ಹಿಡಿದು ನಮ್ಮ ಹಿತ್ತಲಿಗೆ ಬರುತ್ತಿದ್ದರು. ಅವಳು ನೀರು ಕೊಟ್ಟು, 'ಮೂಲೆ ಬಿಡಬೇಡಿ, ಮೂಲೇಲೇ ಇರೋದು ಹಳಬರು' ಎನ್ನುತ್ತಿದ್ದಳು. ಇಪ್ಪತ್ತು ವರ್ಷ ಆ ಆವಿ ಕುಡಿದು ಅವಳ ಮೂಗು ಸತ್ತಿತ್ತು. ಸಾರು ಸೀದರೂ ಅವಳಿಗೆ ನಾನೇ ಹೇಳಬೇಕು. ಸೇತುವೆ ದಾಟಿ ಹೋಗುವವರ ಹಿಂದೆ ಆ ನೀರನ್ನು ಚಿಮುಕಿಸುವವಳೂ ಅವಳೇ.

ಈ ವರ್ಷ ನಾವು ಬಂದದ್ದು ರುದ್ರಾಣಿ ಟೀಚರ್ ಬಿಟ್ಟ ಮನೆಗೆ. ಅವರು ನನಗೆ ನಾಲ್ಕನೆಯ ಕ್ಲಾಸಿನಲ್ಲಿ ಕಲಿಸಿದವರು. ಅವರೂ ಅವರ ಗಂಡ ಟೈಲರ್ ಮಲ್ಲೇಶಿಯೂ ಒಂದು ಗೋಡೆ ಆಚೆಗೆ ಹೋಗಿದ್ದರು. ಹಳೆಯ ಮನೆಯ ಬೆಕ್ಕನ್ನು ಹೆಸರು ಹಿಡಿದು ಕರೆಯಬಾರದು ಎಂಬ ಕಟ್ಟಳೆ ಇರುವುದರಿಂದ ಟೀಚರ್ ಕಾಂಪೌಂಡಿನ ಮೇಲಿಂದ ಕೇಳುತ್ತಿದ್ದರು, 'ಏನ್ ಮರಿ, ಅದು ಹೆಂಗಿದೆ?'

'ಯಾವುದು ಟೀಚರ್?'

'ಅದೇ ಕಣೋ, ನಾನು ಹೆಸರು ಹೇಳಬಾರದ್ದು.'

ಒಳಗಿನಿಂದ ಮಲ್ಲೇಶಣ್ಣ ಮಿಷನ್ನು ನಿಲ್ಲಿಸಿ, 'ನನ್ನ ಹೆಸರೂ ಇಪ್ಪತ್ತು ವರ್ಷದಿಂದ ಹೇಳ್ತಿಲ್ಲ ಅವಳು, ನನ್ನ ಹೊಟ್ಟೆನೂ ಒಂದ್ಸಲ ನೋಡ್ಸಿ' ಎನ್ನುತ್ತಿದ್ದ.

ಅಮ್ಮನಿಗೆ ಇಂಥ ಮಾತು ಹಿಡಿಸುತ್ತಿರಲಿಲ್ಲ. ಬೂದಿ ಬೋಳಾಗಿಯೇ ಉಳಿದದ್ದಕ್ಕೆ ಅವಳು ಟೀಚರನ್ನೇ ದೂರುತ್ತಿದ್ದಳು. 'ಅವಳು ಯಾವತ್ತು ನೆಟ್ಟಗೆ ತೊಳೆದಿದಾಳೆ? ಹೋದ ವರ್ಷ ಅರ್ಧ ಗೋಡೆ ತೊಳೆದು ಸ್ಕೂಲಿಗೆ ಹೊತ್ತಾಯ್ತು ಅಂತ ನಾರು ಬಿಸಾಕಿ ಹೋದೋಳು. ಹಳೇದೆಲ್ಲ ಹಂಗೇ ಕೂತಿದೆ ಮೂಲೇಲಿ.' ಅದಕ್ಕೇ ಅವಳು ಮಂಗಳವಾರವೂ ಶುಕ್ರವಾರವೂ ಮನೆ ತೊಳೆಯಲು ಶುರು ಮಾಡಿದಳು. ನೋಯುವ ಮಂಡಿಯೂರಿ, ಒಂದು ಕೈ ನೆಲಕ್ಕಿಟ್ಟು, ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಹೋದ ವರ್ಷ ಟೀಚರ್ ಇದ್ದಾಗ ಇದೇ ಬೂದಿಯ ಹೊಟ್ಟೆ ಇಪ್ಪತ್ತೇ ದಿನಕ್ಕೆ ತುಂಬಿಕೊಂಡಿತ್ತಲ್ಲ ಎಂದು ನಾನು ಒಮ್ಮೆ ಕೇಳಿದೆ. 'ಅದು ಅವಳ ಅದೃಷ್ಟ. ನಮ್ಮ ಕೈಲಿರೋದು ತೊಳೆಯೋದು' ಎಂದಳು. ನೂರನೆಯ ದಿನ ಊರಿಗೆ ನೀರು ಕಾಯಿಸುವವಳ ಮನೆಯ ಬೆಕ್ಕೇ ಒಪ್ಪದಿದ್ದರೆ ಏನಾಗುತ್ತದೆ ಎಂದು ನಾವಿಬ್ಬರೂ ಮಾತಾಡಲಿಲ್ಲ. ಆದರೆ ಒಂದು ಮಧ್ಯಾಹ್ನ ಅವಳು ಹಿತ್ತಾಳೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ, ಎತ್ತಿ ನೋಡಿ, ಎರಡನ್ನು ತೆಗೆದು, ಮತ್ತೆ ಎತ್ತಿ ನೋಡುತ್ತಿದ್ದುದನ್ನು ಕಂಡೆ. ಎಷ್ಟು ಭಾರ ಹೊರಬಲ್ಲೆ ಎಂದು ನೋಡುತ್ತಿದ್ದಳು.

ನಲವತ್ತೊಂದನೆಯ ದಿನ ಬುಧವಾರ. ದನದ ಆಸ್ಪತ್ರೆಗೆ ಹೊಳೆಯಾಚೆಯಿಂದ ಡಾಕ್ಟರ್ ಜುಬೇದಾ ಬರುವುದು ಬುಧವಾರ ಮಾತ್ರ. ನಾನು ಬೂದಿಯನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟು, ಮೇಲೆ ಟವೆಲ್ಲು ಹೊದಿಸಿ ಹೋದೆ. ನಮ್ಮೂರಿನಲ್ಲಿ ಬೆಕ್ಕನ್ನು ಡಾಕ್ಟರಿಗೆ ಯಾರೂ ತೋರಿಸುವುದಿಲ್ಲ. ಬೋಳು ಕಾಯಿಲೆಯಲ್ಲವಲ್ಲ. ಸಾಲಿನಲ್ಲಿ ಎಮ್ಮೆ ಹಿಡಿದು ನಿಂತಿದ್ದ ಒಬ್ಬ ಬುಟ್ಟಿಯೊಳಗೆ ಇಣುಕಿ, 'ಹೊತ್ತಿಗೆ ಎಷ್ಟು ಲೀಟರ್ ಕೊಡುತ್ತಪ್ಪ?' ಎಂದ. ನಾನು ನಕ್ಕು ಟವೆಲ್ಲು ಸರಿಮಾಡಿದೆ.

ಡಾಕ್ಟರಿಗೆ ಐವತ್ತರ ಮೇಲಿರಬೇಕು. ದನಗಳ ನಡುವೆ ಕಿರುಚಿ ಕಿರುಚಿ ಒಡೆದ ದನಿ. ಬೂದಿಯನ್ನು ಬುಟ್ಟಿಯಿಂದ ಎಳೆಯದೆ, ಮುಚ್ಚಳ ತೆಗೆದಿಟ್ಟು, ಅದಾಗಿಯೇ ತಲೆ ಎತ್ತುವವರೆಗೆ ಬೇರೆ ಕೆಲಸ ಮಾಡಿಕೊಂಡಿದ್ದರು. ಆಮೇಲೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬೆನ್ನು ಬಾಚಿ, ಉದುರಿದ್ದನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಕೊಡವಿದರು. 'ಚಿಗಟ ಇದ್ದರೆ ಅದರ ಕಸ ಒದ್ದೆಯಾದಾಗ ಕೆಂಪಗೆ ಹರಡುತ್ತೆ. ನೋಡಿ, ಇಲ್ಲ. ಹತ್ತರಲ್ಲಿ ಐದಾರು ಸಲ ಚಿಗಟವೇ ಆಗಿರುತ್ತೆ, ಅದಕ್ಕೇ ಮೊದಲು ಅದನ್ನ ನೋಡೋದು.' ಬೋಳಿನ ಅಂಚಿನಿಂದ ನಾಲ್ಕು ಕೂದಲು ತೆಗೆದು ಭೂತಗನ್ನಡಿಯ ಕೆಳಗಿಟ್ಟು ನನಗೂ ತೋರಿಸಿದರು. ತುದಿಗಳು ಮೊಂಡಾಗಿ ಮುರಿದಿದ್ದವು.

'ಇದು ಉದುರಿದ ಕೂದಲಲ್ಲ. ಅದೇ ಕಿತ್ತುಕೊಂಡಿರೋದು. ಬೆಕ್ಕಿನ ನಾಲಗೆ ಮೇಲೆ ಮುಳ್ಳಿರುತ್ತೆ. ಮೈ ಶುಚಿಮಾಡಿಕೊಳ್ಳೋದು ಅದರ ಜಾತಿಗುಣ, ಯಾವ ಬೆಕ್ಕೂ ಬಿಡಲ್ಲ. ಆದರೆ ಚರ್ಮ ಕಾಣೋ ಹಂಗೆ ನೆಕ್ಕೋದು ಶುಚಿ ಅಲ್ಲ. ಏನೋ ಕಡೀತಿದೆ, ಇಲ್ಲಾ ನೋಯ್ತಿದೆ, ಇಲ್ಲಾ ಹೆದರಿದೆ.'

'ಹೊಸ ಬೋಳು ಅಂತಾರೆ' ಎಂದೆ.

'ಯಾರು ಅಂತಾರೆ? ಬೆಕ್ಕು ಅನ್ನುತ್ತಾ?'

ಅವರು ಹೊಟ್ಟೆಯ ಕೆಳಭಾಗವನ್ನು ಎರಡು ಬೆರಳಿನಿಂದ ಮೆತ್ತಗೆ ಒತ್ತಿದಾಗ ಬೂದಿ ಒಂದು ಸದ್ದು ಮಾಡಿತು. ಅಂಥ ಸದ್ದು ಅದರ ಬಾಯಿಂದ ನಾನು ಕೇಳಿರಲಿಲ್ಲ. ಡಾಕ್ಟರ್ ಕೈ ತೆಗೆದರು. 'ಮೂತ್ರಕೋಶ. ಉಚ್ಚೆ ಹೊಯ್ಯುವಾಗ ತುಂಬ ಹೊತ್ತು ಕೂರುತ್ತಾ?' ಕೂರುತ್ತಿತ್ತು. ಹಿತ್ತಲ ಮರಳಿನಲ್ಲಿ ಕೂತು, ಎದ್ದು, ಮತ್ತೆ ಕೂರುತ್ತಿತ್ತು. ಹಳಬರನ್ನು ಹುಡುಕುತ್ತಿದೆ ಎಂದು ಅಮ್ಮ ಅಂದಿದ್ದಳು. 'ಒಳಗೆ ಉರಿ. ಉರಿಯೋ ಜಾಗದ ಮೇಲೇ ನೆಕ್ಕುತ್ತೆ, ಇನ್ನೇನು ಮಾಡುತ್ತೆ ಪಾಪ' ಎಂದರು. ನೋವಿಗೆ ಔಷಧಿ ಕೊಟ್ಟರು. ನೀರು ಬೆರೆಸಿದ ಮೆತ್ತನೆ ಊಟ ಹಾಕಿ, ನೀರಿನ ಬಟ್ಟಲು ಎರಡು ಮೂರು ಕಡೆ ಇಡಿ, ಹತ್ತಿ ಕೂರಲು ಎತ್ತರದ ಜಾಗ ಕೊಡಿ, ಅಡಗಲು ರಟ್ಟಿನ ಡಬ್ಬ ಇಡಿ, ಬೈಯಬೇಡಿ, ನೆಕ್ಕುವಾಗ ಹೊಡೆದು ಬಿಡಿಸಬೇಡಿ, ದಿನಾ ಒಂದೇ ಹೊತ್ತಿಗೆ ಒಂದು ದಾರ ಎಳೆದು ಆಡಿಸಿ ಎಂದರು. 'ಕೊರಳಿಗೆ ಪ್ಲಾಸ್ಟಿಕ್ ಬುಟ್ಟಿ ಕಟ್ಟಿಬಿಡಬಹುದು. ಆಗ ನೆಕ್ಕೋದು ನಿಲ್ಲುತ್ತೆ, ಕಾರಣ ನಿಲ್ಲಲ್ಲ. ಇಂಥ ಉರಿ ಸುಮಾರು ಸಲ ಹೆದರಿಕೆಯಿಂದ ಬರುತ್ತೆ. ಯಾವಾಗ ನೆಕ್ಕುತ್ತೆ, ಅದಕ್ಕೆ ಮುಂಚೆ ಮನೇಲಿ ಏನಾಯ್ತು, ಬರೆದಿಡಿ. ಎರಡು ವಾರ ಬಿಟ್ಟು ಬನ್ನಿ. ಓದಿದೋರು, ಬರೆಯೋಕೆ ಬೇಜಾರಿಲ್ಲ ತಾನೆ?'

ಬರೆಯಲು ನನಗೆ ಬೇಜಾರಿರಲಿಲ್ಲ. ಬೆಳಿಗ್ಗೆ ವಾಚನಾಲಯದ ಬಾಗಿಲು ತೆಗೆದು ಪೇಪರ್ ಜೋಡಿಸುವುದು ನನ್ನ ಕೆಲಸ. ಮಧ್ಯಾಹ್ನದ ಮೇಲೆ ನಾನು ಮನೆಯಲ್ಲೇ ಇರುತ್ತಿದ್ದೆ. ಯಾರೂ ಮಾತಾಡದ ಮನೆಯಲ್ಲಿ ಒಂದು ಬೆಕ್ಕನ್ನು ನೋಡುತ್ತ ಕೂರುವುದು ನನ್ನ ಸ್ವಭಾವಕ್ಕೆ ಒಗ್ಗುವ ಕೆಲಸವೇ. ಪೇಪರಿನ ಅಂಚಿನಷ್ಟು ಅಗಲದ ಚೀಟಿಗಳಲ್ಲಿ ದಿನ, ಹೊತ್ತು, ಎಷ್ಟು ನಿಮಿಷ ಎಂದು ಬರೆದೆ. ಬುಧವಾರ ಸಂಜೆ ಕಡಿಮೆ. ಗುರುವಾರ ಇನ್ನೂ ಕಡಿಮೆ. ಶುಕ್ರವಾರ ಮಧ್ಯಾಹ್ನದಿಂದ ಮೂರು ಗಂಟೆ, ನಡುವೆ ಬಿಡುವಿಲ್ಲ. ಭಾನುವಾರ ರಟ್ಟಿನ ಡಬ್ಬದಲ್ಲಿ ನಿದ್ದೆ. ಸೋಮವಾರ ದಾರದ ಹಿಂದೆ ಓಡಿತು, ಬಾಗಿಲಪಟ್ಟಿಗೆ ಕೆನ್ನೆ ಉಜ್ಜಿತು. ಮಂಗಳವಾರ ನೆಕ್ಕಿ ನೆಕ್ಕಿ ವಾಂತಿ, ವಾಂತಿಯಲ್ಲಿ ಕೂದಲಿನ ಉಂಡೆ.

ಎರಡನೆಯ ವಾರದ ಶುಕ್ರವಾರ ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟೆ. ಒಳಗೆ ಅಮ್ಮ ಕಂಬದ ಬುಡವನ್ನು ಉಜ್ಜುತ್ತಿದ್ದಳು. ಹಿಂದಿನ ದಿನ ಬೂದಿ ಕೆನ್ನೆ ತಿಕ್ಕಿದ್ದು ಅದೇ ಕಂಬಕ್ಕೆ, ಅದೇ ಜಾಗಕ್ಕೆ. ಉಜ್ಜಿ ಮುಗಿಸಿ ಅವಳು ಪಕ್ಕದ ಮೂಲೆಗೆ ಸರಿದಳು. ಬೂದಿ ಬೀರುವಿನ ಮೇಲಿಂದ ಇಳಿದು ಬಂದು, ಕಂಬವನ್ನು ಮೂಸಿತು, ತಲೆ ಕೊಡವಿತು, ಎರಡು ಹೆಜ್ಜೆ ಹಿಂದೆ ಹೋಗಿ ಕೂತು ಹೊಟ್ಟೆ ನೆಕ್ಕಲು ಶುರು ಮಾಡಿತು. ಎದ್ದು ಹಿತ್ತಲಿಗೆ ಹೋಗಿ ಹಂಡೆಯ ಪಕ್ಕ ನಿಂತೆ. ಹೇರಳೆಯ ವಾಸನೆ ಕಣ್ಣಿಗೆ ಉರಿಯಾಗುವಷ್ಟು ಗಾಢವಾಗಿತ್ತು. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಬೆಳೆದ ನನಗೆ ಅದು ಇದೆ ಎಂದು ಗೊತ್ತಾದದ್ದು ಅವತ್ತೇ.

ಬುಧವಾರ ಚೀಟಿಗಳನ್ನು ಡಾಕ್ಟರಿಗೆ ಕೊಟ್ಟೆ. ಅವರು ಓದಿ, 'ಮಂಗಳವಾರ, ಶುಕ್ರವಾರ ಏನು?' ಎಂದರು. ಹೇಳಿದೆ. ಅವರು ಚೀಟಿಗಳನ್ನು ಮತ್ತೆ ಮೊದಲಿನಿಂದ ನೋಡಿದರು.

'ಬೆಕ್ಕಿನ ಕೆನ್ನೆಯಲ್ಲಿ ಒಂದು ವಾಸನೆ ಇರುತ್ತೆ. ನಮಗೆ ಗೊತ್ತಾಗಲ್ಲ. ಮೂಲೆ, ಕಂಬ, ಬಾಗಿಲು, ಎಲ್ಲಾ ಕಡೆ ಹಚ್ಚಿಕೊಂಡು ಹೋಗುತ್ತೆ. ಹಚ್ಚಿದ ಕಡೆ ಅದಕ್ಕೆ ಧೈರ್ಯ. ನೀವು ಅದನ್ನ ಉಜ್ಜಿ ತೆಗೆದು, ಅದಕ್ಕೆ ಆಗದೇ ಇರೋ ವಾಸನೆ ಬಳೀತೀರಿ. ಹುಳಿಹಣ್ಣಿನ ಸಿಪ್ಪೆ ಕಂಡರೆ ಬೆಕ್ಕು ದೂರ ಓಡುತ್ತೆ. ಆದರೆ ಇದು ಓಡೋದೆಲ್ಲಿಗೆ, ಮನೆ ತಾನೆ ಅದರದ್ದು? ಇಡೀ ಊರೇ ತೊಳೆಯುತ್ತಾ ಹೀಗೆ?'

'ಮೊದಲ ದಿನ ಎಲ್ಲರೂ. ಆಮೇಲೆ ಕೂದಲು ಬಾರದ ಮನೆಯವರು ಮಾತ್ರ, ವಾರಕ್ಕೆರಡು ಸಲ, ಕೆಲವರು ದಿನಾ.'

'ಅಂದರೆ ಒಂದು ಸಲ ತೊಳೆದು ಬಿಟ್ಟವರ ಬೆಕ್ಕು ಮತ್ತೆ ಹಚ್ಚಿಕೊಂಡು ಸರಿಹೋಗುತ್ತೆ. ಹೆದರಿಕೊಂಡು ಚೆನ್ನಾಗಿ ತೊಳೆದವರದ್ದು ಸರಿಹೋಗಲ್ಲ.' ಅವರು ಚೀಟಿಗಳನ್ನು ಮಡಚಿ ವಾಪಸ್ ಕೊಟ್ಟರು. 'ನಾನು ಹೇಳಿದರೆ ನಿಮ್ಮೂರವರು ಕೇಳಲ್ಲ, ನಾನು ಸಾಯಂಕಾಲ ಹೊಳೆ ದಾಟಿ ಹೋಗೋಳು. ನೀವು ಹೇಳಿ. ನಿಮ್ಮ ತಾಯಿಗೆ ಮೊದಲು ಹೇಳಿ.'

ಹೇಳುತ್ತೇನೆ ಎಂದೆ. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನನಗೆ ಮೌನೇಶ ನೆನಪಾಗಿ, ಅಲ್ಲೇ ಬುಟ್ಟಿ ಇಟ್ಟು ಕೂತೆ. ಮೌನೇಶ ಬಡಗಿ ಈರಾಚಾರಿಯ ಮಗ, ನಾಲ್ಕನೆಯ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ. ಆ ವರ್ಷ ಅವನ ಕೈಗಳು ಯಾವಾಗಲೂ ಹೇರಳೆ ನಾರುತ್ತಿದ್ದವು. ಸ್ಲೇಟಿಗೂ ಆ ವಾಸನೆ. 'ದಿನಾ ಬೆಳಿಗ್ಗೆ ನಾನೂ ಅಪ್ಪನೂ ತೊಳೀತೀವಿ, ನಿಮ್ಮಮ್ಮ ಪಾಪ ದುಡ್ಡೇ ಬೇಡ ಅಂತಾರೆ' ಎಂದಿದ್ದ. ನೂರನೆಯ ದಿನ ಹಿರಿಯರ ಅಂಗೈಗೆ ಬರೀ ಚರ್ಮ ತಾಕಿತು. ಈರಾಚಾರಿ ಉಳಿ, ಬಾಚಿ ಗಂಟು ಕಟ್ಟಿಕೊಂಡು ಸೇತುವೆ ದಾಟಿದ. ಅಮ್ಮ ಹಿಂದಿನಿಂದ ನೀರು ಚಿಮುಕಿಸಿದಳು. ನಾನು ಅವಳ ಸೆರಗು ಹಿಡಿದುಕೊಂಡಿದ್ದೆ. ಮನೆಗೆ ಬಂದು ಅವಳು ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ತಟ್ಟೆಯ ಮುಂದೆ ಕೂತು, ಯಾರಿಗೋ ಹೇಳುವ ಹಾಗೆ, 'ಮನುಷ್ಯರು ಸುಳ್ಳು ಹೇಳಿಯಾರು, ಬೆಕ್ಕಿಗೆ ಏನಾಗಬೇಕಿದೆ. ಅದು ಒಪ್ಪಲಿಲ್ಲ, ಅಷ್ಟೆ. ನಾನು ಕೈಲಾದಷ್ಟು ಕೊಟ್ಟೆ' ಎಂದು ಊಟ ಮಾಡಿದಳು. ಆ ಮಾತಿನ ಮೇಲೆ ಅವಳು ಹದಿನಾರು ವರ್ಷದಿಂದ ಊಟ ಮಾಡುತ್ತಿದ್ದಾಳೆ. ಅವಳ ಕೈಲಾದದ್ದೇ ಅವರನ್ನು ಓಡಿಸಿತು ಎಂದು ನಾನು ಯಾವ ಬಾಯಲ್ಲಿ ಹೇಳಲಿ. ಅವತ್ತು ಆ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಬುಟ್ಟಿಯೊಳಗೆ ಬೂದಿ ಕೂಗಿದಾಗ ಎದ್ದೆ.

ಮನೆಗೆ ಬಂದು ಅಮ್ಮನಿಗೆ ನಾನು ಹೇಳಿದ್ದು ಇಷ್ಟೇ: 'ಇನ್ನು ಮೇಲೆ ನಾನು ತೊಳೀತೀನಿ. ನಿನ್ನ ಮಂಡಿ ನೋವಿಗೆ ನೀನು ಬಗ್ಗಬೇಡ.'

'ನಿನಗೆ ಮೂಲೆ ತೊಳೆಯೋಕೆ ಬರುತ್ತಾ?'

'ಎಂ.ಎ. ಮಾಡಿದೀನಿ, ಮೂಲೆ ತೊಳೆಯಲ್ವಾ?'

'ಎಂ.ಎ. ಮಾಡಿದೋರು ನಡುಮಧ್ಯ ತೊಳೀತಾರೆ' ಎಂದು ಅವಳು ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದು.

ಅಲ್ಲಿಂದ ಪ್ರತಿ ಮಂಗಳವಾರ, ಶುಕ್ರವಾರ ನಾನು ಬಿಂದಿಗೆ ಒಳಗೆ ತಂದು, ನೀರನ್ನು ಬಚ್ಚಲಿಗೆ ಸುರಿದು, ಬಚ್ಚಲ ಕಲ್ಲನ್ನು ಅರ್ಧ ಗಂಟೆ ನಾರಿನಿಂದ ಉಜ್ಜುತ್ತಿದ್ದೆ. ಹಿತ್ತಲಲ್ಲಿ ಕೂತ ಅಮ್ಮನಿಗೆ ಸದ್ದು ಕೇಳುತ್ತಿತ್ತು. 'ಕಂಬದ ಹಿಂದೆ?' ಎಂದು ಕೂಗುತ್ತಿದ್ದಳು. 'ಆಯ್ತು' ಎನ್ನುತ್ತಿದ್ದೆ. ವಾಸನೆ ಅವಳಿಗೆ ಹೇಗೂ ಗೊತ್ತಾಗುತ್ತಿರಲಿಲ್ಲ. ಬೂದಿ ಬಚ್ಚಲ ಹೊಸಿಲಾಚೆ ನಿಂತು ನನ್ನನ್ನು ನೋಡುತ್ತಿತ್ತು, ಆಮೇಲೆ ಹೋಗಿ ಕಂಬಕ್ಕೆ ಕೆನ್ನೆ ತಿಕ್ಕುತ್ತಿತ್ತು. ಎರಡನೆಯ ವಾರಕ್ಕೆ ಹೊಟ್ಟೆಯ ಮೇಲೆ ಬೂದು ಬಣ್ಣದ ನೆರಳು ಕಂಡಿತು. ಬೆರಳಾಡಿಸಿದರೆ ಎಳೆ ಗಡ್ಡದ ಹಾಗೆ ಚುಚ್ಚುತ್ತಿತ್ತು. ಎಪ್ಪತ್ತನೆಯ ದಿನದ ಹೊತ್ತಿಗೆ ಅರ್ಧ ತುಂಬಿತ್ತು. ಅಮ್ಮ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಿಸಿಲಿಗೆ ಹಿಡಿದು ನೋಡಿ, ಕಣ್ಣೊರೆಸಿಕೊಂಡಳು. ಗೋಣಿಚೀಲ ಬಿಚ್ಚಿ ಪಾತ್ರೆಗಳನ್ನು ಮತ್ತೆ ಅಡಿಗೆಮನೆಯಲ್ಲಿ ಜೋಡಿಸಿದಳು.

ಆ ಹೊತ್ತಿಗೆ ಟೀಚರ್ ಹೋದ ಪಕ್ಕದ ಮನೆಯ ಬೆಕ್ಕು ತಿಮ್ಮನ ಬೋಳು ಹೋಗಿರಲಿಲ್ಲ. ತಿಮ್ಮ ಕಪ್ಪು ಬಿಳುಪಿನ ಗಂಡು ಬೆಕ್ಕು, ತಾನಾಗಿ ಯಾರ ಹತ್ತಿರವೂ ಬಾರದ್ದು. ಹಿಂದಿನ ವರ್ಷ ಅದನ್ನು ಸಾಕಿದ್ದ ಮನೆಯವರು ತೊಳೆಯುವುದರಲ್ಲಿ ಕಟ್ಟುನಿಟ್ಟು. ಬಹುಶಃ ಅದರ ಹೆದರಿಕೆ ಪೂರ್ತಿ ಹೋಗಿರಲೇ ಇಲ್ಲ. ರುದ್ರಾಣಿ ಟೀಚರ್ ಒಂದು ಸಂಜೆ ನಮ್ಮ ಮನೆಗೆ ಬಂದರು. ಅಮ್ಮ ಅವರಿಗೆ ಕೂರಲು ಮಣೆ ಹಾಕಿ, ಕೂತ ಮೇಲೆ ಬೈದಳು.

'ನೀನು ತೊಳೆಯೋ ಚಂದಕ್ಕೆ ಯಾವ ಬೆಕ್ಕು ಒಪ್ಪುತ್ತೆ ಹೇಳು. ಮಕ್ಕಳಿಗೆ ಕೈ ತೊಳ್ಕೊಳ್ಳಿ ಅಂತ ಪಾಠ ಮಾಡ್ತೀಯ.'

'ಹೋದ ವರ್ಷ ಇದೇ ಥರ ತೊಳೆದಿದ್ದೆ ಗಂಗಕ್ಕ, ಬಂದಿತ್ತು ಕೂದಲು.'

'ಹೋದ ವರ್ಷದ್ದು ಬಿಡು. ನನ್ನ ಮಗ ನೋಡು, ಗಂಡು ಹುಡುಗ, ವಾರಕ್ಕೆ ಎರಡು ಸಲ ಮೂಲೆಮೂಲೆ ಉಜ್ಜಿ ಉಜ್ಜಿ ವಾಸಿಮಾಡಿದ.'

ಟೀಚರ್ ನನ್ನ ಕಡೆ ತಿರುಗಿ ನಕ್ಕರು. ಆಮೇಲೆ ಮೂಗು ಎತ್ತಿ ಗಾಳಿ ಎಳೆದುಕೊಂಡರು. 'ಆದರೂ ಹಿತ್ತಲಿಂದ ಬರೋದು ಬಿಟ್ಟರೆ ನಿಮ್ಮ ಗೋಡೇಲಿ ಹೇರಳೆ ವಾಸನೆನೇ ಇಲ್ವಲ್ಲ ಮರಿ.'

ಅಮ್ಮ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಅನುಮಾನವಿರಲಿಲ್ಲ, ತನ್ನ ಮೂಗು ಹೋದದ್ದರ ಸಂಕೋಚವಿತ್ತು. ನಾನು, 'ಕಿಟಕಿ ತೆಗೆದಿದ್ದೆ ಟೀಚರ್' ಎಂದೆ. ಅವರು ತಲೆದೂಗಿದರು.

ಅಮ್ಮ ಆವತ್ತೇ ಹೊಸದಾಗಿ ಕಾಯಿಸಿದ್ದ ನೀರನ್ನು, ಮಾಮೂಲಿಗಿಂತ ಎರಡು ಪಟ್ಟು ಸಿಪ್ಪೆ ಹಾಕಿದ್ದನ್ನು, ದೊಡ್ಡ ಬಿಂದಿಗೆಗೆ ತುಂಬಿ, 'ಹೊತ್ಕೊಂಡು ಹೋಗಿ ಕೊಟ್ಟು ಬಾ, ಅವಳ ಕೈಲಿ ಆಗಲ್ಲ' ಎಂದಳು. ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಹದಿನೇಳು ಹೆಜ್ಜೆ. ಟೀಚರ್ ಮುಂದೆ ನಡೆಯುತ್ತಿದ್ದರು, ತಿರುಗಿ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಚರಂಡಿ ಇತ್ತು. ಬಿಂದಿಗೆ ಓರೆ ಮಾಡಿದ್ದರೆ ಕಾಲು ಎಡವಿತು ಎನ್ನಬಹುದಿತ್ತು. ಜಗಲಿಗಳ ಮೇಲೆ ಯಾರೂ ಇರಲಿಲ್ಲ. ನಾನು ಅದನ್ನು ಒಂದು ಹನಿ ಚೆಲ್ಲದೆ ಅವರ ಅಡಿಗೆಮನೆಯಲ್ಲಿ ಇಳಿಸಿದೆ. ಮಲ್ಲೇಶಣ್ಣ ಟೇಪು ಕೊರಳಿಗೆ ಹಾಕಿಕೊಂಡೇ ಬಂದು ಬಿಂದಿಗೆಯ ಮೇಲೆ ಬಗ್ಗಿ, 'ಅಬ್ಬಾ, ಇದನ್ನ ಕುಡಿದರೆ ನನಗೂ ತಲೇಲಿ ಕೂದಲು ಬರುತ್ತೆ' ಎಂದ. ಟೀಚರ್ ಮಾತ್ರ ನನ್ನನ್ನು ಕೇಳಿದರು, 'ನಿಜವಾಗ್ಲೂ ಇದರಿಂದಲೇ ವಾಸಿಯಾಯ್ತಾ ಮರಿ?' ಬೀರುವಿನ ಕೆಳಗೆ ತಿಮ್ಮನ ಕಣ್ಣುಗಳು ಹೊಳೆಯುತ್ತಿದ್ದವು. 'ಅಮ್ಮ ಮಾಡೋದು ತಾನೆ' ಎಂದೆ.

ನಾಳೆ ಹೇಳೋಣ ಎಂದುಕೊಂಡೆ. ಅಮ್ಮ ಇಲ್ಲದಾಗ, ಟೀಚರ್ ಒಬ್ಬರೇ ಸಿಕ್ಕಾಗ, ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡು. ಆದರೆ ಅವರು ಯಾರಿಗೂ ಹೇಳದೆ ಇರುವವರಲ್ಲ. ನಿಜ ಎಂದು ಗೊತ್ತಾದದ್ದನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಮೂರು ಸಲ ಓದಿಸುವವರು. ಹಾಗೆ ಓದಿಸಿದ ದಿನ ಅಮ್ಮ ಎಲ್ಲಿಗೆ ಹೋಗುತ್ತಾಳೆ. ಒಂದು ಬಿಂದಿಗೆ ತಾನೆ, ಅವರದು ಹೇಗೂ ಅರ್ಧ ಗೋಡೆಯ ತೊಳೆತ ತಾನೆ, ಎಂದು ಸಮಾಧಾನ ಮಾಡಿಕೊಂಡೆ. ಆದರೆ ಆ ಸಲ ಟೀಚರ್ ಅರ್ಧಕ್ಕೆ ಬಿಡಲಿಲ್ಲ. ಹೆದರಿದ್ದರು. ಬಿಂದಿಗೆ ಖಾಲಿಯಾದಾಗ ತಾವೇ ಬಂದು ತುಂಬಿಸಿಕೊಂಡು ಹೋದರು. ಸ್ಕೂಲಿಗೆ ಹೋಗುವ ಮುಂಚೆ ದಿನವೂ ತೊಳೆದರು. ಗೋಡೆಯಾಚೆಯಿಂದ ನಾರಿನ ಸದ್ದು ಬರುತ್ತಿತ್ತು, ಆ ಸದ್ದು ನಿಂತ ಮೇಲೆ ತಿಮ್ಮ ನೆಕ್ಕುವ ಸದ್ದು ನನಗೆ ಕೇಳಿಸುತ್ತಿತ್ತು, ಅಥವಾ ಕೇಳಿಸಿದ ಹಾಗೆ ಆಗುತ್ತಿತ್ತು. ನಾನು ಮಧ್ಯಾಹ್ನವೂ ವಾಚನಾಲಯದಲ್ಲೇ ಉಳಿಯತೊಡಗಿದೆ.

ಎಂಬತ್ತಮೂರನೆಯ ದಿನ ಡಾಕ್ಟರಿಗೆ ಬೂದಿಯನ್ನು ತೋರಿಸಿದೆ. ಅವರು ಹೊಟ್ಟೆ ಒತ್ತಿ ನೋಡಿದರು, ಬೂದಿ ಸದ್ದು ಮಾಡಲಿಲ್ಲ. 'ಶಭಾಷ್' ಎಂದರು, ನನಗೋ ಅದಕ್ಕೋ ತಿಳಿಯಲಿಲ್ಲ. 'ಊರಿನೋರಿಗೆ ಹೇಳಿದ್ರಾ?'

'ಹೇಳ್ದೆ.'

'ಕೇಳಿದ್ರಾ?'

'ಇಲ್ಲ.'

'ಗೊತ್ತಿತ್ತು ನನಗೆ' ಎಂದು ಅವರು ಕೈ ತೊಳೆಯಲು ಹೋದರು. ಇಂಥ ಸುಳ್ಳು ಇಷ್ಟು ಸಲೀಸಾಗಿ ನನ್ನ ಬಾಯಿಂದ ಬಂತಲ್ಲ ಎಂದು ನನಗೇ ಆಶ್ಚರ್ಯವಾಯಿತು. ಆದರೂ ಅವರನ್ನು ತಿರುಗಿ ಕರೆಯಲಿಲ್ಲ.

ನೂರನೆಯ ದಿನ ಶನಿವಾರ. ಹಿರಿಯರಲ್ಲಿ ದೊಡ್ಡವರಾದ ಚನ್ನವೀರಪ್ಪನವರು ನಮ್ಮ ಜಗಲಿಯ ಮೇಲೆ ಪಂಚೆ ಹಾಸಿ ಬೂದಿಯ ಹೊಟ್ಟೆಯ ಮೇಲೆ ಅಂಗೈ ಆಡಿಸಿದರು. 'ರೇಷ್ಮೆ ಕಣಮ್ಮ' ಎಂದರು. 'ಗಂಗಮ್ಮನ ನೀರಿಗೆ ಸಮ ಇಲ್ಲ ಬಿಡಿ' ಎಂದು ಹಿಂದಿನಿಂದ ಯಾರೋ ಹೇಳಿದರು. ಅಮ್ಮ ಸೆರಗು ತಲೆಗೆ ಎಳೆದುಕೊಂಡಳು. ಅವರು ಪಂಚೆ ಮಡಚಿ ಪಕ್ಕದ ಜಗಲಿಗೆ ಹೋದರು. ತಿಮ್ಮನನ್ನು ಹಿಡಿದು ತರಲು ಮಲ್ಲೇಶಣ್ಣನಿಗೆ ತುಂಬ ಹೊತ್ತು ಹಿಡಿಯಿತು. ತಂದು ಮಲಗಿಸಿದಾಗ ಯಾರೂ ಅಂಗೈ ಆಡಿಸಬೇಕಾಗಲಿಲ್ಲ. ಹೊಟ್ಟೆ, ತೊಡೆ, ಮುಂಗಾಲಿನ ಒಳಬದಿ, ಎಲ್ಲ ಬೋಳು. ಒಂದು ಕಡೆ ಚರ್ಮ ಕಿತ್ತು ಒದ್ದೆಯಾಗಿತ್ತು. ಬಿಳಿ ಪಂಚೆಗೆ ರೂಪಾಯಿ ಅಗಲದ ಕಲೆ ಹತ್ತಿತು. ಚನ್ನವೀರಪ್ಪನವರು ಕಲೆಯನ್ನೇ ನೋಡುತ್ತ, 'ಒಪ್ಪಿಲ್ಲ' ಎಂದರು. ಮಲ್ಲೇಶಣ್ಣ ಏನೋ ತಮಾಷೆ ಮಾಡಲು ಬಾಯಿ ತೆರೆದ. ಆಮೇಲೆ ಬಗ್ಗಿ ತಿಮ್ಮನನ್ನು ಎತ್ತಿಕೊಂಡ. ಇಷ್ಟಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಗೊತ್ತಿತ್ತು. ಊರಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಮೂರು ಗಂಟೆಯ ಬಿಸಿಲಲ್ಲಿ ಅವರು ಹೊರಟರು. ಹೊಲಿಗೆ ಮಿಷನ್ನಿನ ತಲೆಯನ್ನು ಮಾತ್ರ ಬಿಚ್ಚಿ ಮಲ್ಲೇಶಣ್ಣ ಹೆಗಲ ಮೇಲೆ ಇಟ್ಟುಕೊಂಡಿದ್ದ. ಸ್ಕೂಲಿನ ಮಕ್ಕಳು ದೂರದಲ್ಲಿ ಗುಂಪಾಗಿ ನಿಂತಿದ್ದರು. ಅಮ್ಮ ಬಿಂದಿಗೆ ಹಿಡಿದು ಸೇತುವೆಯ ಈ ತುದಿಯಲ್ಲಿ ನಿಂತಿದ್ದಳು. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವಾಗ ನಾನು ಬಿಂದಿಗೆಯ ತಳ ಹಿಡಿದುಕೊಂಡೆ. ಟೀಚರ್ ಹತ್ತಿರ ಬಂದು, 'ಅಳಬೇಡಿ ಗಂಗಕ್ಕ. ನೀವು ಕೊಟ್ಟಿದ್ದೀರಿ. ನನ್ನ ಕೈಲಿ ಅದು ಫಲಿಸಲಿಲ್ಲ' ಎಂದರು. ಅವರ ಬೆರಳುಗಳು ನೀರಿನಲ್ಲಿ ನೆನೆದು ನೆನೆದು ಬಿರುಕು ಬಿಟ್ಟಿದ್ದವು. ಆಮೇಲೆ ನನ್ನನ್ನು ನೋಡಿದರು. ಲೆಕ್ಕ ಎಲ್ಲಿ ತಪ್ಪಿತು ಎಂದು ಹಲಗೆಯ ಮೇಲೆ ಹುಡುಕುವಾಗಿನ ನೋಟ ಅದು.

'ನಾನು ಇನ್ನೂ ಸ್ವಲ್ಪ ಚೆನ್ನಾಗಿ ತೊಳೀಬೇಕಿತ್ತು, ಅಲ್ವಾ ಮರಿ?'

ಅಮ್ಮ ಕಾಯುತ್ತಿದ್ದಳು, ಹಿರಿಯರು ಕಾಯುತ್ತಿದ್ದರು. ಟೀಚರ್ ಉತ್ತರಕ್ಕಾಗಿ ಒಂದು ಕ್ಷಣ ನಿಂತರು, ತಲೆದೂಗಿದರು, ಸೇತುವೆಯ ಮೇಲೆ ಹೆಜ್ಜೆ ಇಟ್ಟರು. ಇಲ್ಲ ಟೀಚರ್, ನೀವು ತೊಳೆಯಲೇಬಾರದಿತ್ತು ಎಂದು ನಾನು ಹೇಳಲಿಲ್ಲ.